ಸೈಟ್‌ಹೌಂಡ್ ಮನೆಯಲ್ಲಿದ್ದರೆ: ಕಣ್ಣಿಗೆ ಬೀಳುವ ಲಕ್ಷಣದಿಂದ ಕಾರಣದವರೆಗೆ

ಚಿಗರಿ ನಮ್ಮ ಮನೆಗೆ ಬಂದಾಗ ಅವಳಿಗೆ ಎರಡು ವರ್ಷ. ಮುಧೋಳ ತಳಿಯ ಹೆಣ್ಣು, ತಿಳಿ ಕಂದು ಬಣ್ಣ, ಉದ್ದ ಮೂತಿ. ಮೊದಲ ವಾರ ಮನೆಗೆ ಬಂದವರೆಲ್ಲ ಕೇಳಿದ್ದು ಒಂದೇ ಮಾತು: "ಇದಕ್ಕೆ ಊಟ ಹಾಕುವುದಿಲ್ಲವೇ?" ಎರಡನೆಯ ವಾರಕ್ಕೆ ನನಗೂ ದಿಗಿಲು ಶುರುವಾಯಿತು. ದಿನದ ಮುಕ್ಕಾಲು ಪಾಲು ಮಲಗಿರುತ್ತಿದ್ದಳು. ಕಣ್ಣು ಅರೆ ತೆರೆದುಕೊಂಡೇ ನಿದ್ದೆ ಮಾಡುತ್ತಿದ್ದಳು. ದಾರಿಯ ನಡುವೆ ಇದ್ದಕ್ಕಿದ್ದಂತೆ ಕಲ್ಲಾಗಿ ನಿಲ್ಲುತ್ತಿದ್ದಳು. ನಾನು ಹೊರಗಿನಿಂದ ಬಂದರೆ ಅವಳ ಹಲ್ಲುಗಳು ಕಟಕಟ ಸದ್ದು ಮಾಡುತ್ತಿದ್ದವು. ಇವುಗಳಲ್ಲಿ ಯಾವುದೂ ಕಾಯಿಲೆಯಾಗಿರಲಿಲ್ಲ. ಹಲ್ಲಿನ ಸದ್ದಂತೂ ಅವಳ ಸಂತೋಷವಾಗಿತ್ತು. ನಿಜವಾದ ತೊಂದರೆ ಬಂದದ್ದು ಬಿರುಸು ನೆಲದ ಮೇಲೆ ಕಾಣಿಸಿಕೊಂಡು ಹುಲ್ಲಿನ ಮೇಲೆ ಮಾಯವಾಗುವ ಒಂದು ಸಣ್ಣ ಕುಂಟಾಗಿ. ಅದನ್ನು ನಾವು ಮೂರು ವಾರ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಈ ನಾಯಿಗಳ ಕಷ್ಟ ಇರುವುದೇ ಇಲ್ಲಿ. ಗ್ರೇಹೌಂಡ್, ವಿಪೆಟ್, ಸಲೂಕಿ, ಅಫ್ಘಾನ್ ಹೌಂಡ್, ಮುಧೋಳ, ರಾಂಪುರ, ಚಿಪ್ಪಿಪಾರೈ, ಇವೆಲ್ಲ ಮೂಗಿಗಿಂತ ಕಣ್ಣನ್ನು ನಂಬಿ, ಕಂಡದ್ದನ್ನು ಓಡಿ ಹಿಡಿಯುವುದಕ್ಕಾಗಿ ರೂಪುಗೊಂಡ ತಳಿಗಳು. ಇವನ್ನೇ ಸೈಟ್‌ಹೌಂಡ್ ಎನ್ನುತ್ತಾರೆ. ಗ್ರೇಹೌಂಡ್ ಗಂಟೆಗೆ ಸುಮಾರು 65ರಿಂದ 70 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು. ಆ ಓಟಕ್ಕಾಗಿ ದೇಹ ಕೊಬ್ಬನ್ನು ಬಿಟ್ಟುಕೊಟ್ಟಿದೆ, ಚರ್ಮವನ್ನು ತೆಳುವಾಗಿಸಿಕೊಂಡಿದೆ, ಹೃದಯವನ್ನು ಹಿಗ್ಗಿಸಿಕೊಂಡಿದೆ. ಹಾಗಾಗಿ ಬೇರೆ ನಾಯಿಯಲ್ಲಿ ರೋಗವೆನಿಸುವುದು ಇಲ್ಲಿ ಸಹಜ. ಬೇರೆ ನಾಯಿಯಲ್ಲಿ "ನೋಡೋಣ, ಎರಡು ದಿನ ಕಾಯೋಣ" ಎನ್ನಬಹುದಾದದ್ದು ಇಲ್ಲಿ ಕಾಯುವಂಥದ್ದಲ್ಲ.

ಮೊದಲ ಪರೀಕ್ಷೆಗೆ ಖರ್ಚೇ ಇಲ್ಲ. ನಾಯಿ ಆರೋಗ್ಯವಾಗಿರುವಾಗಲೇ ಒಂದು ಪುಟದಲ್ಲಿ ಅದರ ಸಹಜ ಸ್ಥಿತಿಯನ್ನು ಬರೆದಿಡಿ: ತೂಕ, ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ನೋಡಿದ ಉಷ್ಣತೆ, ನಿದ್ದೆಯಲ್ಲಿ ನಿಮಿಷಕ್ಕೆ ಎಷ್ಟು ಉಸಿರು, ಒಸಡಿನ ಬಣ್ಣ. ನಾಯಿಯ ಸಹಜ ಉಷ್ಣತೆ ಸುಮಾರು 38.3ರಿಂದ 39.2 ಡಿಗ್ರಿ ಸೆಲ್ಸಿಯಸ್, ಅಂದರೆ 101ರಿಂದ 102.5 ಫ್ಯಾರನ್‌ಹೀಟ್. ಗಾಢ ನಿದ್ದೆಯಲ್ಲಿ ಉಸಿರು ನಿಮಿಷಕ್ಕೆ 30ರೊಳಗಿರಬೇಕು. ಒಸಡನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಚಿದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು. ಮುಂದೆ ಹೇಳುವುದೆಲ್ಲ ಈ ಒಂದು ಪುಟದ ಮೇಲೆ ನಿಂತಿದೆ.

ಓದುವುದನ್ನು ನಿಲ್ಲಿಸಿ ಹೊರಡಬೇಕಾದ ಲಕ್ಷಣಗಳು

ನಾಯಿ ಮತ್ತೆ ಮತ್ತೆ ಓಕರಿಸುತ್ತಿದೆ, ಆದರೆ ನೊರೆಯ ಹೊರತು ಏನೂ ಹೊರಬರುತ್ತಿಲ್ಲ. ಜೊಲ್ಲು ಸುರಿಯುತ್ತಿದೆ, ಕೂರಲೂ ಆಗದೆ ಮಲಗಲೂ ಆಗದೆ ಚಡಪಡಿಸುತ್ತಿದೆ, ತಿರುಗಿ ತಿರುಗಿ ತನ್ನ ಹೊಟ್ಟೆಯನ್ನೇ ನೋಡಿಕೊಳ್ಳುತ್ತಿದೆ. ಇದು ಜಠರ ಗಾಳಿ ತುಂಬಿ ತಿರುಚಿಕೊಂಡಿರುವ ಲಕ್ಷಣ. ಎದೆಗೂಡು ಆಳವಾಗಿರುವ ನಾಯಿಗಳಿಗೆ ಇದರ ಅಪಾಯ ಹೆಚ್ಚು. ಹೊಟ್ಟೆ ತಮಟೆಯಂತೆ ಬಿಗಿದಿರುತ್ತದೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಆದರೆ ಈ ತಳಿಗಳಲ್ಲಿ ಜಠರ ಪಕ್ಕೆಲುಬಿನ ಮರೆಯಲ್ಲಿರುವುದರಿಂದ ಉಬ್ಬು ಹೊರಗೆ ಕಾಣದೆಯೂ ಇರಬಹುದು. ಉಬ್ಬು ಕಾಣಲಿ ಎಂದು ಕಾಯಬೇಡಿ, ಯಾವ ಮನೆಮದ್ದನ್ನೂ ಕುಡಿಸಬೇಡಿ. ಶಸ್ತ್ರಚಿಕಿತ್ಸೆ ಬಿಟ್ಟು ಬೇರೆ ದಾರಿಯಿಲ್ಲ, ಕೈಯಲ್ಲಿರುವುದು ಕೆಲವೇ ಗಂಟೆ.

ಒಸಡು ಬಿಳಿಚಿ ನಾಯಿ ಕುಸಿದರೆ, ಐದು ನಿಮಿಷ ದಾಟಿದ ಸೆಳವು (ಫಿಟ್ಸ್) ಇದ್ದರೆ, ಕಾಲನ್ನು ನೆಲಕ್ಕೆ ಸೋಕಿಸಲೂ ಆಗದಿದ್ದರೆ, ಓಡಿ ಬಂದ ಮೇಲೆ ತೂರಾಡುತ್ತಿದ್ದರೆ, ಆಗಲೂ ಇದೇ ಮಾತು. ಹೊರಡುವ ಮುನ್ನ ಆಸ್ಪತ್ರೆಗೆ ಫೋನ್ ಮಾಡಿ ತಳಿ ಯಾವುದೆಂದು ಹೇಳಿ. ಅದು ಏಕೆ ಮುಖ್ಯ ಎಂಬುದು ಕೊನೆಯ ಭಾಗದಲ್ಲಿದೆ.

"ಎಷ್ಟು ಹಾಕಿದರೂ ಬಡಕಲಾಗಿಯೇ ಇದೆ"

ಮೊದಲು ಬಡಕಲು ಹೌದೋ ಅಲ್ಲವೋ ನೋಡಬೇಕು. ಆರೋಗ್ಯವಾಗಿರುವ ನಯಗೂದಲಿನ ಸೈಟ್‌ಹೌಂಡ್‌ನಲ್ಲಿ ಕೊನೆಯ ಎರಡು ಮೂರು ಪಕ್ಕೆಲುಬು ಕಾಣುತ್ತವೆ, ಸೊಂಟದ ಎರಡು ಮೂಳೆಗಳ ತುದಿ ತುಸು ಎದ್ದಿರುತ್ತದೆ, ಹೊಟ್ಟೆ ಒಳಕ್ಕೆ ಎಳೆದುಕೊಂಡಿರುತ್ತದೆ. ಕಣ್ಣನ್ನು ನಂಬದೆ ಕೈ ಹಾಕಿ ನೋಡಿ. ತೊಡೆ ದುಂಡಗೆ, ಗಟ್ಟಿಯಾಗಿ ತುಂಬಿಕೊಂಡಿದ್ದರೆ, ಬೆನ್ನುಮೂಳೆಯ ಎರಡೂ ಬದಿಗೆ ಮಾಂಸದ ದಿಂಡು ಸಿಕ್ಕಿದರೆ ನಾಯಿ ಸರಿಯಾಗಿದೆ. ಬೆನ್ನುಮೂಳೆ ಗರಗಸದ ಹಲ್ಲಿನಂತೆ ಕೈಗೆ ಚುಚ್ಚಿದರೆ, ತೊಡೆ ಗುಳಿಬಿದ್ದಿದ್ದರೆ, ನಡುನೆತ್ತಿಯಲ್ಲಿ ಹಳ್ಳ ಕಂಡರೆ ಅದು ನಿಜವಾದ ಸವೆತ.

ಸವೆತವಿದ್ದರೂ ಔಷಧಿ ಅಂಗಡಿಗೆ ಹೋಗುವ ಮೊದಲು ತಟ್ಟೆಯ ಕಡೆ ನೋಡಿ. ಮನೆಯಲ್ಲಿ ನಾಲ್ಕು ಜನ ಇದ್ದರೆ "ನಾನು ಹಾಕಿದೆ ಅಂದುಕೊಂಡೆ" ಎನ್ನುವುದು ತೀರ ಸಾಮಾನ್ಯ. ಅಳತೆಯ ಪಾತ್ರೆ ಒಂದೇ ಇರಲಿ, ಹಾಕಿದವರು ಬರೆದಿಡಲಿ. ಆಮೇಲೆ ಬಾಯಿ. ತುಟಿಯನ್ನು ಎತ್ತಿ ಹಿಂದಿನ ದವಡೆಹಲ್ಲು ನೋಡಿ. ಗ್ರೇಹೌಂಡ್‌ಗಳಲ್ಲಿ ಹಲ್ಲಿನ ರೋಗ ಬಹಳ, ನೋಯುವ ಹಲ್ಲಿನ ನಾಯಿ ತಟ್ಟೆಯ ತನಕ ಬಂದು ಮುಖ ತಿರುಗಿಸುತ್ತದೆ. ನಂತರ ಮಲ ಪರೀಕ್ಷೆ. ಹುಳುವಿನ ಮೊಟ್ಟೆ ಪ್ರತಿ ಸಲವೂ ಕಾಣುವುದಿಲ್ಲ, ಮೂರು ದಿನದ ಮಾದರಿ ಕೊಟ್ಟರೆ ಒಳ್ಳೆಯದು. ನಾಯಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು ನಿಮ್ಮ ತೂಕವನ್ನು ಕಳೆದರೆ ಲೆಕ್ಕ ಸಿಗುತ್ತದೆ. ಹದಿನೈದು ದಿನಕ್ಕೊಮ್ಮೆ ಸಾಕು. ಕಾರಣವಿಲ್ಲದೆ ನೂರಕ್ಕೆ ಹತ್ತರಷ್ಟು ತೂಕ ಇಳಿದರೆ ರಕ್ತ ಪರೀಕ್ಷೆ ಮಾಡಿಸಲೇಬೇಕು.

ನೋಡಿದವರ ಬಾಯಿಗೆ ಹೆದರಿ ತಿನ್ನಿಸಿ ತಿನ್ನಿಸಿ ಈ ನಾಯಿಯನ್ನು ದುಂಡಗೆ ಮಾಡುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಕಡ್ಡಿಯಂಥ ಆ ಕಾಲುಗಳು ಹೆಚ್ಚುವರಿ ಭಾರಕ್ಕೆ ಆದವುಗಳಲ್ಲ.

"ದಿನವಿಡೀ ಮಲಗಿಯೇ ಇರುತ್ತದೆ"

ಇದು ಹೆಚ್ಚಿನ ಸಲ ದೂರೇ ಅಲ್ಲ. ಇವು ಸಣ್ಣ ದೂರವನ್ನು ಮಿಂಚಿನಂತೆ ಓಡುವ ನಾಯಿಗಳು, ದಿನವಿಡೀ ದಣಿವಿಲ್ಲದೆ ದುಡಿಯುವ ಕುರಿಕಾಯುವ ನಾಯಿಗಳಲ್ಲ. ದಿನಕ್ಕೆ ಎರಡು ನಡಿಗೆ, ಬೇಲಿಯೊಳಗೆ ಮನಬಿಚ್ಚಿ ಒಂದು ಓಟ ಸಿಕ್ಕರೆ ಉಳಿದ ಹೊತ್ತು ಹಾಸಿಗೆಯಲ್ಲಿ ಕಳೆಯುತ್ತವೆ. ಅಂಗಾತ ಮಲಗಿ ನಾಲ್ಕೂ ಕಾಲು ಆಕಾಶಕ್ಕೆ ಚಾಚಿದ್ದರೆ ಅದು ನಿಶ್ಚಿಂತೆಯ ಗುರುತು.

ಅನುಮಾನ ಬಂದರೆ ಬಾರನ್ನು ಎತ್ತಿ ಅದರ ಕೊಕ್ಕೆಯ ಸದ್ದು ಮಾಡಿ. ಕಿವಿ ನಿಮಿರಿ ಎದ್ದು ಬಂದರೆ ಸೋಮಾರಿ ನಾಯಿ, ಕಾಯಿಲೆಯ ನಾಯಿಯಲ್ಲ. ತಲೆ ಮಾತ್ರ ಎತ್ತಿ ಮತ್ತೆ ಮಲಗಿದರೆ, ಊಟಕ್ಕೂ ಏಳದಿದ್ದರೆ, ಮಂಚದ ಕೆಳಗೆ ಮೂಲೆ ಹುಡುಕಿಕೊಂಡು ಹೋದರೆ ಉಷ್ಣತೆ ನೋಡಿ, ಒಸಡು ನೋಡಿ. ಕಿವಿಯೊಳಗೆ, ಬೆರಳುಗಳ ಸಂದಿಯಲ್ಲಿ, ಕೊರಳಪಟ್ಟಿಯ ಕೆಳಗೆ ರಕ್ತ ಹೀರುವ ಉಣ್ಣೆ ಹುಡುಕಿ. ಉಣ್ಣೆಯಿಂದ ಹರಡುವ ಎರ್ಲಿಕಿಯಾ, ಬಬೀಸಿಯಾ ಸೋಂಕುಗಳು ಆರಂಭದಲ್ಲಿ ಬರೀ ಮಂಕಾಗಿ ಕಾಣಿಸಿಕೊಳ್ಳುತ್ತವೆ. ಜ್ವರವಿದ್ದರೆ, ಒಸಡು ಬಿಳಿಚಿದ್ದರೆ, ಹೊಟ್ಟೆಯ ಮೇಲೆ ಕೆಂಪು ಚುಕ್ಕೆ ಅಥವಾ ಮೂಗಿನಲ್ಲಿ ರಕ್ತ ಕಂಡರೆ ಅಂದೇ ವೈದ್ಯರಲ್ಲಿಗೆ.

ಹಾಸಿಗೆ ದಪ್ಪಗಿರಲಿ. ಮೂಳೆಗೂ ನೆಲಕ್ಕೂ ನಡುವೆ ಕೊಬ್ಬಿನ ಪದರವಿಲ್ಲದ ಕಾರಣ ಮೊಣಕೈಯಲ್ಲಿ ನೀರು ತುಂಬಿದ ಮೆತ್ತನೆಯ ಗಡ್ಡೆ ಏಳುತ್ತದೆ. ಅದನ್ನು ಚುಚ್ಚಬೇಡಿ. ಹಾಸಿಗೆ ಬದಲಿಸಿದರೆ ಎಷ್ಟೋ ಸಲ ತಾನಾಗಿ ಇಳಿಯುತ್ತದೆ.

"ಕುಂಟುತ್ತಿದೆ"

ಸೈಟ್‌ಹೌಂಡ್ ಸಾಕಿದವರು ಹೆಚ್ಚು ಹೊತ್ತು ಕಳೆಯಬೇಕಾದ ಲಕ್ಷಣ ಇದು. ಒಂದೇ ಕುಂಟಿನ ಹಿಂದೆ ಉಗುರಿನ ಬಿರುಕೂ ಇರಬಹುದು, ಮೂಳೆಯ ಕ್ಯಾನ್ಸರೂ ಇರಬಹುದು. ಆತುರಪಡದೆ ಕೆಳಗಿನಿಂದ ಮೇಲಕ್ಕೆ ಬನ್ನಿ.

ನಾಯಿಯನ್ನು ಬೆಳಕಿರುವ ಕಡೆ ಮಲಗಿಸಿ. ಮೊದಲು ಉಗುರು: ಬುಡದಲ್ಲಿ ಸೀಳಿದೆಯೇ, ರಕ್ತ ಕಟ್ಟಿದೆಯೇ? ಆಮೇಲೆ ಬೆರಳ ಸಂದಿ: ಮುಳ್ಳು, ಉಣ್ಣೆ, ಹುಲ್ಲಿನ ಚೂಪು ಕಡ್ಡಿ. ಒಂದೊಂದೇ ಬೆರಳನ್ನು ಮೆಲ್ಲಗೆ ಮಡಿಸಿ ನೋಡಿ. ವೇಗದ ಓಟದಲ್ಲಿ ಬೆರಳಿನ ಕೀಲು ಜಾರುವುದು ಈ ತಳಿಗಳಲ್ಲಿ ಸಾಮಾನ್ಯ, ಜಾರಿದ ಬೆರಳು ಊದಿರುತ್ತದೆ ಅಥವಾ ಪಕ್ಕಕ್ಕೆ ವಾಲಿರುತ್ತದೆ. ಆರೋಗ್ಯವಾಗಿರುವ ಕಾಲನ್ನು ಮೊದಲು ಮುಟ್ಟಿ, ನೋವಿನ ಕಾಲನ್ನು ಕೊನೆಗೆ. ನೋವಿನಲ್ಲಿ ಎಂಥ ಸಾಧು ನಾಯಿಯೂ ಕಚ್ಚಬಹುದು, ಮಕ್ಕಳನ್ನು ಆಗ ಹತ್ತಿರ ಬಿಡಬೇಡಿ.

ಪಂಜದಲ್ಲಿ ಏನೂ ಸಿಗದಿದ್ದರೆ ನೆಲದ ಪರೀಕ್ಷೆ ಮಾಡಿ. ಕಲ್ಲು ಅಥವಾ ಸಿಮೆಂಟಿನ ಮೇಲೆ ಹತ್ತು ಹೆಜ್ಜೆ ನಡೆಸಿ, ನಂತರ ಹುಲ್ಲಿನ ಮೇಲೆ ಹತ್ತು ಹೆಜ್ಜೆ. ಚಿಗರಿ ಕಲ್ಲಿನ ಮೇಲೆ ಎಡ ಮುಂಗಾಲನ್ನು ಕೆಂಡ ತುಳಿದವಳಂತೆ ಎತ್ತಿ ಇಡುತ್ತಿದ್ದಳು, ಹುಲ್ಲಿಗೆ ಇಳಿದರೆ ಏನೂ ಆಗೇ ಇಲ್ಲವೆಂಬಂತೆ ಓಡುತ್ತಿದ್ದಳು. ಒಂದು ಚಿಕಿತ್ಸಾಲಯದಲ್ಲಿ ಉಳುಕು ಎಂದು ಹತ್ತು ದಿನ ವಿಶ್ರಾಂತಿ ಹೇಳಿದರು. ವಿಶ್ರಾಂತಿಯಿಂದ ಏನೂ ಬದಲಾಗಲಿಲ್ಲ. ಕೊನೆಗೆ ಒಂದು ಸಂಜೆ ಅವಳ ಪಂಜವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಟಾರ್ಚ್ ಬಿಟ್ಟು ನೋಡಿದೆ. ಮೂರನೆಯ ಬೆರಳಿನ ಮೆತ್ತೆಯ ನಡುವೆ ತೊಗರಿಬೇಳೆಯ ಗಾತ್ರದ, ಬಿಳಿಚಿದ, ಗುಂಡನೆಯ ಚುಕ್ಕೆ. ಉಗುರಿನಿಂದ ಮುಟ್ಟಿದರೆ ಕೊಂಬಿನಷ್ಟು ಗಟ್ಟಿ. ಎರಡು ಬದಿಯಿಂದ ಹಿಸುಕಿದಾಗ ಕಾಲನ್ನು ಕಿತ್ತುಕೊಂಡಳು.

ಅದು ಆಣಿ. ಮನುಷ್ಯರ ಅಂಗಾಲಿಗೆ ಬರುವಂಥದ್ದೇ, ಆದರೆ ನಾಯಿಗಳಲ್ಲಿ ಹೆಚ್ಚಾಗಿ ಬರುವುದು ಸೈಟ್‌ಹೌಂಡ್‌ಗಳಿಗೆ, ಅದರಲ್ಲೂ ಗ್ರೇಹೌಂಡ್‌ಗೆ. ಹುಲ್ಲಿನಲ್ಲಿ ಸರಿ, ಕಲ್ಲಿನಲ್ಲಿ ಕುಂಟು ಎಂದರೆ ಮೊದಲು ನೆನಪಾಗಬೇಕಾದದ್ದು ಇದೇ. ಬ್ಲೇಡಿನಿಂದ ನೀವೇ ಕೆತ್ತಬೇಡಿ, ನಮಗಾಗಿ ಮಾರುವ ಆಣಿಪಟ್ಟಿಯನ್ನೂ ಅಂಟಿಸಬೇಡಿ, ನಾಯಿ ಅದನ್ನು ನೆಕ್ಕಿ ನುಂಗುತ್ತದೆ. ಪಶುವೈದ್ಯರು ಆಣಿಯನ್ನು ಬುಡದಿಂದ ಬಿಡಿಸಿ ತೆಗೆಯುತ್ತಾರೆ. ಮತ್ತೆ ಬೆಳೆಯುವ ಸ್ವಭಾವ ಅದಕ್ಕಿದೆ, ಆದ್ದರಿಂದ ಬಿರುಸು ನೆಲದಲ್ಲಿ ಪಾದರಕ್ಷೆ ಹಾಕಿ ನಡೆಸುವುದು ಒಳ್ಳೆಯದು.

ಎರಡೂ ನೆಲದಲ್ಲಿ ಒಂದೇ ತರಹ ಕುಂಟಿದರೆ ಮೇಲಕ್ಕೆ ಹೋಗಿ. ಓಟದ ಮರುದಿನ ಒಳತೊಡೆ ಊದಿಕೊಂಡು ಚರ್ಮದಡಿ ನೀಲಿಗಟ್ಟಿದ್ದರೆ ಸ್ನಾಯು ಹರಿದಿದೆ. ಸಾಮಾನ್ಯ ಉಳುಕಾದರೆ ಎರಡು ಮೂರು ದಿನ ಓಟ, ಮೆಟ್ಟಿಲು, ಜಿಗಿತ ನಿಲ್ಲಿಸಿದಾಗ ದಿನದಿಂದ ದಿನಕ್ಕೆ ಕಡಿಮೆಯಾಗುತ್ತದೆ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಮುಂತಾಗಿ ನಿಮ್ಮ ಡಬ್ಬಿಯಲ್ಲಿರುವ ನೋವಿನ ಮಾತ್ರೆಯನ್ನು ಕೊಡಬೇಡಿ. ನಾಯಿಯ ಯಕೃತ್ತು, ಜಠರ, ಮೂತ್ರಪಿಂಡಗಳಿಗೆ ಅವು ವಿಷವಾಗಬಲ್ಲವು.

ಇನ್ನು ನಾನು ಎಲ್ಲರಿಗೂ ಒತ್ತಿ ಹೇಳುವ ಮಾತು. ನಡುವಯಸ್ಸು ದಾಟಿದ ಗ್ರೇಹೌಂಡ್, ಐರಿಷ್ ವುಲ್ಫ್‌ಹೌಂಡ್, ಡೀರ್‌ಹೌಂಡ್‌ಗಳಲ್ಲಿ ಮೂಳೆಯ ಕ್ಯಾನ್ಸರ್ ಬೇರೆ ತಳಿಗಳಿಗಿಂತ ಬಹಳ ಹೆಚ್ಚು. ಭುಜದ ಬಳಿ, ಮುಂಗಾಲಿನ ಮಣಿಕಟ್ಟಿನ ಮೇಲೆ, ಹಿಂಗಾಲಿನ ಮಂಡಿಯ ಸುತ್ತ ಅದು ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಶುರುವಿನಲ್ಲಿ ಕುಂಟು ಬಂದು ಹೋಗಿ ಮಾಡುತ್ತದೆ, ನೋವಿನ ಔಷಧಿಗೆ ತಗ್ಗುತ್ತದೆ. ಹಾಗಾಗಿಯೇ "ಉಳುಕು, ವಾಸಿಯಾಯಿತು" ಎಂದು ತಿಂಗಳು ಕಳೆದುಹೋಗುತ್ತದೆ. ಈ ವಯಸ್ಸಿನ ನಾಯಿ ಎರಡು ವಾರಕ್ಕಿಂತ ಹೆಚ್ಚು ಕುಂಟಿದರೆ, ಅಥವಾ ಮೂಳೆಯ ಮೇಲೆ ಗಟ್ಟಿಯಾದ ಊತ ಕೈಗೆ ಸಿಕ್ಕರೆ, ಎಕ್ಸ್‌ರೇ ಬೇಕೆಂದು ನೀವೇ ಕೇಳಿ. ಅಲ್ಲಿಯವರೆಗೆ ಎಣ್ಣೆ ತಿಕ್ಕುವುದು, ಓಡಿಸುವುದು ಬೇಡ. ಗಡ್ಡೆಯಿಂದ ಟೊಳ್ಳಾದ ಮೂಳೆ ಸಣ್ಣ ಜಿಗಿತಕ್ಕೂ ಮುರಿಯಬಹುದು.

"ನಡುಗುತ್ತಿದೆ"

ದಪ್ಪ ಹೊದಿಕೆ ಹೊದಿಸಿ ಕಾಲು ಗಂಟೆ ಬಿಡಿ. ನಡುಕ ನಿಂತರೆ ಅದು ಚಳಿ. ಕೊಬ್ಬೂ ಇಲ್ಲದ, ಒಳಗೂದಲೂ ಇಲ್ಲದ ನಯಗೂದಲಿನ ತಳಿಗೆ 10 ಡಿಗ್ರಿಗಿಂತ ಕೆಳಗೆ ಹೊರಗೆ ಹೋಗುವಾಗ ಅಂಗಿ ಬೇಕು, ಅದು ಅಲಂಕಾರವಲ್ಲ. ಬಾಲ ಕಾಲಸಂದಿಗೆ ಸೇರಿ ಕಿವಿ ಹಿಂದಕ್ಕೆ ಅಂಟಿದ್ದರೆ ಭಯ, ಕಾರಣ ದೂರವಾದರೆ ನಡುಕವೂ ದೂರ. ಬೆನ್ನು ಬಿಲ್ಲಿನಂತೆ ಬಾಗಿ ಹೊಟ್ಟೆ ಮುಟ್ಟಲು ಬಿಡದಿದ್ದರೆ ನೋವು, ಅಂದೇ ತೋರಿಸಿ. ನಡುಕದ ಜೊತೆ ಜೊಲ್ಲು, ಭೇದಿ, ಮೈಯ ಸ್ನಾಯುಗಳ ಅದುರು ಇದ್ದರೆ ವಿಷವೆಂದೇ ತಿಳಿದು ಓಡಿ. ಮನೆಯಲ್ಲಿ ಯಾವ ಕೀಟನಾಶಕ, ಇಲಿ ಪಾಷಾಣ ಇತ್ತೋ ಅದರ ಡಬ್ಬಿಯನ್ನೂ ತೆಗೆದುಕೊಂಡು ಹೋಗಿ.

"ಓಡಿ ಬಂದ ಮೇಲೆ ಚೇತರಿಸಿಕೊಳ್ಳುತ್ತಿಲ್ಲ"

ಓಟದ ನಂತರ ಹತ್ತು ಹದಿನೈದು ನಿಮಿಷದಲ್ಲಿ ಏದುಸಿರು ತಗ್ಗಬೇಕು. ತಗ್ಗದಿದ್ದರೆ, ನಾಲಿಗೆ ಅಗಲವಾಗಿ ಜೋತು ಒಸಡು ಕಡುಗೆಂಪಾಗಿದ್ದರೆ, ಹೆಜ್ಜೆ ತಪ್ಪುತ್ತಿದ್ದರೆ ದೇಹ ಕಾದಿದೆ. ಈ ದೊಡ್ಡ ಸ್ನಾಯುಗಳು ಓಡುವಾಗ ಕುಲುಮೆಯಂತೆ ಶಾಖ ಹುಟ್ಟಿಸುತ್ತವೆ. ಉಷ್ಣತೆ 40.5 ಡಿಗ್ರಿ ದಾಟಿದರೆ ಅಪಾಯ. ನೆರಳಿಗೆ ತಂದು ಹೊಟ್ಟೆ, ತೊಡೆ, ಕಂಕುಳಿಗೆ ತಣ್ಣೀರು ಸುರಿಯುತ್ತಲೇ ಗಾಳಿ ಬೀಸಿ. ಒದ್ದೆ ಟವೆಲನ್ನು ಮೈಮೇಲೆ ಹೊದಿಸಿ ಬಿಡಬೇಡಿ, ಅದು ಶಾಖವನ್ನು ಒಳಗೇ ಹಿಡಿದಿಡುತ್ತದೆ. ನೀರನ್ನು ಬಲವಂತವಾಗಿ ಬಾಯಿಗೆ ಹೊಯ್ಯಬೇಡಿ. 39.5ಕ್ಕೆ ಇಳಿದಾಗ ತಣಿಸುವುದನ್ನು ನಿಲ್ಲಿಸಿ. ನಾಯಿ ಎದ್ದು ನಿಂತರೂ ಆಸ್ಪತ್ರೆಗೆ ಹೋಗಲೇಬೇಕು, ಒಳಗಿನ ಅಂಗಗಳ ಹಾನಿ ಮರುದಿನವೂ ತಲೆ ಎತ್ತುತ್ತದೆ.

ಇನ್ನೊಂದು ಗುರುತನ್ನು ಜನ ಕಾಣುವುದೇ ಇಲ್ಲ, ಏಕೆಂದರೆ ಅದು ಮಣ್ಣಿನಲ್ಲಿ ಇಂಗಿಹೋಗುತ್ತದೆ. ಅಭ್ಯಾಸವಿಲ್ಲದ ನಾಯಿ ವಿಪರೀತ ಓಡಿದ ಮೇಲೆ ಬೆನ್ನು, ತೊಡೆ ಮರಗಟ್ಟಿ, ಮೂತ್ರ ಚಹಾದ ಬಣ್ಣಕ್ಕೆ ತಿರುಗಿದರೆ ಸ್ನಾಯುಗಳು ಒಡೆದು ಅವುಗಳ ಬಣ್ಣದ ಅಂಶ ಮೂತ್ರಪಿಂಡಕ್ಕೆ ಸೇರುತ್ತಿದೆ. ಗಂಟೆಗಳ ಒಳಗೆ ರಕ್ತನಾಳದ ಮೂಲಕ ದ್ರವ ಕೊಡಿಸಬೇಕು. ಜೋರು ಓಟದ ನಂತರದ ಮೊದಲ ಮೂತ್ರವನ್ನು ಬಿಳಿ ಕಾಗದದ ಮೇಲೆ ಹಿಡಿದು ನೋಡುವ ಅಭ್ಯಾಸ ನನಗಿದೆ. ವಿಚಿತ್ರವೆನಿಸಿದರೂ ಬಿಟ್ಟಿಲ್ಲ.

"ಸಣ್ಣದಕ್ಕೂ ಚರ್ಮ ಹರಿಯುತ್ತದೆ"

ಬೇರೆ ನಾಯಿಗೆ ಗೀರಾಗುವ ಮುಳ್ಳು ಇಲ್ಲಿ ಚರ್ಮವನ್ನೇ ಕಾಗದದಂತೆ ಸೀಳುತ್ತದೆ. ಸ್ವಚ್ಛ ಬಟ್ಟೆಯಿಂದ ಐದು ನಿಮಿಷ ಬಿಡದೆ ಒತ್ತಿಹಿಡಿಯಿರಿ, ಉಪ್ಪು ನೀರಿನ ಸಲೈನ್‌ನಿಂದ ತೊಳೆಯಿರಿ, ನೆಕ್ಕದಂತೆ ಹಳೆಯ ಟೀ ಶರ್ಟ್ ತೊಡಿಸಿ. ಅಂಚುಗಳು ತೆರೆದುಕೊಂಡು ಒಳಗಿನ ಮಾಂಸ ಕಂಡರೆ ಹೊಲಿಗೆ ಬೇಕು, ಕೆಲವು ಗಂಟೆಗಳೊಳಗೆ ಹಾಕಿದರೆ ಚೆನ್ನಾಗಿ ಕೂಡುತ್ತದೆ. ಅರಿಸಿನ, ಕಾಫಿಪುಡಿ ಮೆತ್ತಿ ತಂದರೆ ವೈದ್ಯರಿಗೆ ಅದನ್ನು ತೆಗೆಯುವುದೇ ಮೊದಲ ಕೆಲಸವಾಗುತ್ತದೆ. ಬಾಲದ ತುದಿ ಗೋಡೆಗೆ ಬಡಿದು ಮತ್ತೆ ಮತ್ತೆ ರಕ್ತ ಬರುತ್ತಿದ್ದರೆ ಮೆತ್ತನೆಯ ಕೊಳವೆಯ ಕವಚ ಹಾಕಿಸಿ, ಬಿಗಿಯಾಗಿ ಮಾತ್ರ ಕಟ್ಟಬೇಡಿ. ಬಿಗಿದ ಪಟ್ಟಿ ರಕ್ತ ಸಂಚಾರ ನಿಲ್ಲಿಸಿ ಬಾಲವನ್ನೇ ಕೊಳೆಸಬಹುದು. ಗ್ರೇಹೌಂಡ್‌ನ ತೊಡೆಯ ಹಿಂದೆ ಕೂದಲುದುರಿ ನುಣ್ಣಗಾಗುವುದು, ತುರಿಕೆ ಇಲ್ಲದಿದ್ದರೆ, ಕೇವಲ ನೋಟದ ವಿಷಯ.

"ನಡೆಯುತ್ತಾ ಕಲ್ಲಾಗುತ್ತದೆ" ಮತ್ತು "ಕೈ ತಪ್ಪಿ ಓಡುತ್ತದೆ"

ನಿಂತಾಗ ಎಳೆಯಬೇಡಿ. ನಿಮ್ಮ ಅಂಗೈಯ ಹಿಂಬದಿಯನ್ನು ನೆಲಕ್ಕೆ ಏಳು ಸೆಕೆಂಡು ಒತ್ತಿ, ತಾಳಲಾಗದಿದ್ದರೆ ಅದರ ಪಂಜಕ್ಕೂ ತಾಳದು. ನೆಲ ತಂಪಾಗಿದ್ದು ಪಂಜವೂ ಸರಿಯಿದ್ದರೆ ಅದು ಬಹುಶಃ ದೂರದಲ್ಲಿ ನಿಮಗೆ ಕಾಣದ ಏನನ್ನೋ ನೋಡುತ್ತಿದೆ, ಅಥವಾ ಹೊಸ ಜಾಗಕ್ಕೆ ಬೆದರಿದೆ. ಅರ್ಧ ವೃತ್ತದಲ್ಲಿ ಬಳಸಿ ನಡೆಸಿದರೆ ಕಾಲು ತಾನಾಗಿ ಕದಲುತ್ತದೆ. ವಯಸ್ಸಾದ ನಾಯಿ ಹೊಸದಾಗಿ ಹೀಗೆ ಮಾಡತೊಡಗಿ, ಮೆಟ್ಟಿಲಿಗೂ ಹಿಂಜರಿದರೆ ಸೊಂಟದ ಬಳಿಯ ಬೆನ್ನುಮೂಳೆಯ ಪರೀಕ್ಷೆ ಮಾಡಿಸಿ.

ಕೈ ತಪ್ಪುವುದಕ್ಕೆ ಕಾರಣ ನೇರವಾದದ್ದು. ಈ ನಾಯಿಗಳ ಕುತ್ತಿಗೆ ತಲೆಗಿಂತ ದಪ್ಪ. ಸಾಮಾನ್ಯ ಕೊರಳಪಟ್ಟಿ ಹಿಂದಕ್ಕೆ ಎಳೆದ ಕ್ಷಣವೇ ಕಳಚಿಕೊಳ್ಳುತ್ತದೆ. ಎಳೆದಾಗ ಒಂದು ಮಿತಿಯವರೆಗೆ ಬಿಗಿಯುವ, ಅಗಲವಾದ ಮಾರ್ಟಿಂಗೇಲ್ ಪಟ್ಟಿ ಬಳಸಿ, ಕಿವಿಯ ಹಿಂದೆಯೇ ಕೂರುವಂತೆ ಹೊಂದಿಸಿ. ಸುರುಳಿ ಬಿಚ್ಚುವ ಉದ್ದದ ಬಾರು ಮಾತ್ರ ಬೇಡವೇ ಬೇಡ. ಕೆಲವೇ ನೆಗೆತದಲ್ಲಿ ಪೂರ್ಣ ವೇಗ ಮುಟ್ಟುವ ನಾಯಿ ಅದರ ಕೊನೆಗೆ ಬಂದು ಬಡಿದರೆ ಕತ್ತಿಗೇ ಪೆಟ್ಟು. ಬಾರು ಬಿಚ್ಚುವುದಿದ್ದರೆ ಆರು ಅಡಿ ಎತ್ತರದ ಬೇಲಿಯೊಳಗೆ ಮಾತ್ರ. ಎಷ್ಟು ಚೆನ್ನಾಗಿ ಕರೆಗೆ ಓಗೊಡುವ ನಾಯಿಯಾದರೂ ಮೊಲ ಕಂಡಾಗ ಅದರ ಕಿವಿ ಕೆಲಸ ಮಾಡುವುದಿಲ್ಲ. ಮನೆಯೊಳಗೆ ಬೆಕ್ಕಿನ ಜೊತೆ ಒಂದೇ ಹಾಸಿಗೆಯಲ್ಲಿ ಮಲಗುವ ನಾಯಿ ಅಂಗಳದಲ್ಲಿ ಅದೇ ಬೆಕ್ಕು ಓಡಿದರೆ ಬೆನ್ನಟ್ಟಬಹುದು. ಪರಿಚಯದ ದಿನಗಳಲ್ಲಿ ಬಾಯಿ ತೆರೆದು ಏದುಸಿರು ಬಿಡಲು ಜಾಗವಿರುವ ಬಾಯಿಕುಕ್ಕೆ ಹಾಕಿ.

"ಮಲಗಿದ್ದಾಗ ಮುಟ್ಟಿದರೆ ಗುರ್ ಎನ್ನುತ್ತದೆ"

ಕಣ್ಣು ತೆರೆದಿದ್ದರೂ ಅದು ಎಚ್ಚರವಾಗಿಲ್ಲ. ಬೆಚ್ಚಿಬಿದ್ದು ಗುರುಗುಟ್ಟುವುದು ಈ ತಳಿಗಳಲ್ಲಿ ಹೆಚ್ಚು ಕಂಡುಬರುತ್ತದೆ, ಅದು ದುಷ್ಟತನವಲ್ಲ. ದೂರದಿಂದಲೇ ಹೆಸರು ಕರೆದು, ತಲೆ ಎತ್ತಿದ ಮೇಲೆ ಹತ್ತಿರ ಹೋಗಿ. ಹಾಸಿಗೆಯನ್ನು ಜನ ದಾಟಿ ಓಡಾಡದ ಮೂಲೆಗೆ ಸರಿಸಿ. ಮಲಗಿದ ನಾಯಿಯನ್ನು ತಬ್ಬಬಾರದು ಎಂಬ ನಿಯಮ ಮಕ್ಕಳಿಗೆ ಮೊದಲ ದಿನವೇ ತಿಳಿದಿರಲಿ. ಗುರುಗುಟ್ಟಿದ್ದಕ್ಕೆ ಹೊಡೆಯಬೇಡಿ. ಹೊಡೆದರೆ ಮುಂದಿನ ಸಲ ಎಚ್ಚರಿಕೆ ಇರುವುದಿಲ್ಲ, ನೇರ ಕಚ್ಚುತ್ತದೆ. ಇದುವರೆಗೆ ಸುಮ್ಮನಿದ್ದ ನಾಯಿ ಈಗ ಶುರುಮಾಡಿದ್ದರೆ ಕಿವಿ, ಹಲ್ಲು, ಬೆನ್ನು ನೋಯುತ್ತಿದೆಯೇ ನೋಡಿಸಿ.

ನಿದ್ದೆಯಲ್ಲಿ ಕಾಲು ಆಡಿಸಿ ಕುಂಯ್‌ಗುಟ್ಟುವುದು ಕನಸು, ಕರೆದರೆ ಎಚ್ಚರವಾಗುತ್ತದೆ. ಮೈ ಸೆಟೆದು, ಕರೆದರೂ ಅರಿವಿಲ್ಲದೆ, ಮೂತ್ರವೂ ಹೋದರೆ ಸೆಳವು. ಬಾಯಿಗೆ ಕೈ ಹಾಕದೆ, ಸುತ್ತಲಿನ ಸಾಮಾನು ಸರಿಸಿ, ಗಡಿಯಾರ ನೋಡಿ, ಮೊಬೈಲಿನಲ್ಲಿ ಚಿತ್ರೀಕರಿಸಿ. ಆ ಅರ್ಧ ನಿಮಿಷದ ವೀಡಿಯೊ ವೈದ್ಯರಿಗೆ ಹತ್ತು ಪ್ರಶ್ನೆಗಳ ಉತ್ತರ ಕೊಡುತ್ತದೆ.

"ರಕ್ತ ಪರೀಕ್ಷೆಯಲ್ಲಿ ಏನೋ ಏರುಪೇರು ಎನ್ನುತ್ತಾರೆ"

ಇಲ್ಲಿ ಎರಡು ದಿಕ್ಕಿನ ತಪ್ಪುಗಳಾಗುತ್ತವೆ. ಪ್ರಯೋಗಾಲಯದ ವರದಿಯಲ್ಲಿ ಅಚ್ಚಾಗಿರುವ ಸಹಜ ಮಿತಿ ಎಲ್ಲ ನಾಯಿಗಳ ಸರಾಸರಿ. ಸೈಟ್‌ಹೌಂಡ್‌ಗಳಲ್ಲಿ, ಹೆಚ್ಚು ಅಧ್ಯಯನವಾಗಿರುವ ಗ್ರೇಹೌಂಡ್‌ನಲ್ಲಂತೂ, ಕೆಂಪು ರಕ್ತಕಣ ಹೆಚ್ಚು, ಬಿಳಿ ಕಣ ಮತ್ತು ಪ್ಲೇಟ್‌ಲೆಟ್ ಕಡಿಮೆ, ಥೈರಾಯ್ಡ್ ಹಾರ್ಮೋನ್ ಟಿ4 ಬೇರೆ ನಾಯಿಗಳ ಅರ್ಧದಷ್ಟೇ ಇರಬಹುದು, ಸ್ನಾಯು ಹೆಚ್ಚಿರುವುದರಿಂದ ಸ್ನಾಯುಗಳಿಂದ ಬರುವ ತ್ಯಾಜ್ಯವಾದ ಕ್ರಿಯಾಟಿನಿನ್ ತುಸು ಮೇಲೆ. ಹೃದಯದಲ್ಲಿ ಮೆಲು ಮರ್ಮರ ಕೇಳಿಸುವುದೂ ಉಂಟು. ಟಿ4 ಒಂದನ್ನೇ ನೋಡಿ ಆರೋಗ್ಯವಂತ ನಾಯಿಗೆ ವರ್ಷಾನುಗಟ್ಟಲೆ ಥೈರಾಯ್ಡ್ ಮಾತ್ರೆ ತಿನ್ನಿಸುವುದು ಮೊದಲನೆಯ ತಪ್ಪು. ಥೈರಾಯ್ಡನ್ನು ಪ್ರಚೋದಿಸುವ ಹಾರ್ಮೋನ್ ಟಿಎಸ್‌ಎಚ್ ಸೇರಿದಂತೆ ಇನ್ನಷ್ಟು ಪರೀಕ್ಷೆ ಮಾಡಿ, ಲಕ್ಷಣವೂ ಹೊಂದಿದರೆ ಮಾತ್ರ ಔಷಧಿ.

ಎರಡನೆಯ ತಪ್ಪು ಹೆಚ್ಚು ಅಪಾಯಕಾರಿ, ಅದನ್ನು ಮಾಡುವವರು ನಮ್ಮಂಥ ಓದಿಕೊಂಡ ಸಾಕಣೆದಾರರು. "ಪ್ಲೇಟ್‌ಲೆಟ್ ಕಡಿಮೆಯೇ? ಈ ತಳಿಗೆ ಅದು ಸಹಜ" ಎಂದು ಉಣ್ಣೆ ಜ್ವರವನ್ನು ಬಿಟ್ಟುಬಿಡುತ್ತೇವೆ. ನಾಯಿ ಲವಲವಿಕೆಯಿಂದಿದ್ದರೆ ಕಡಿಮೆ ಅಂಕಿ ತಳಿಯ ಗುಣವೇ ಇರಬಹುದು. ಜ್ವರ, ಮಂಕು, ರಕ್ತಸ್ರಾವ ಇದ್ದರೆ ತಳಿಯ ನೆಪ ಹೇಳದೆ ಸೋಂಕಿನ ಪರೀಕ್ಷೆ ಮಾಡಿಸಬೇಕು. ಹಾಗೆಯೇ ರಕ್ತದಲ್ಲಿ ಕೆಂಪು ಕಣಗಳ ಪಾಲನ್ನು ಹೇಳುವ ಹೆಮಟೊಕ್ರಿಟ್ ಶೇ. 40 ಎಂದರೆ ಬೇರೆ ನಾಯಿಗೆ ಸಹಜ. ಆದರೆ 50ರ ಮೇಲಿರಬೇಕಾದ ಗ್ರೇಹೌಂಡ್‌ಗೆ ಅದು ರಕ್ತಹೀನತೆ, ವರದಿಯಲ್ಲಿ ಮಾತ್ರ ಯಾವ ಕೆಂಪು ಗುರುತೂ ಇರುವುದಿಲ್ಲ. ಆದ್ದರಿಂದ ಆರೋಗ್ಯವಾಗಿರುವಾಗಲೇ ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿ ವರದಿಯನ್ನು ಇಟ್ಟುಕೊಳ್ಳಿ. ನಿಮ್ಮ ನಾಯಿಯ ಅಂಕಿಯನ್ನು ಅದರ ಹಿಂದಿನ ಅಂಕಿಯ ಜೊತೆ ಹೋಲಿಸುವುದಕ್ಕಿಂತ ಒಳ್ಳೆಯ ಅಳತೆ ಇಲ್ಲ.

"ಅರಿವಳಿಕೆ ಕೊಡಬೇಕು ಎಂದಿದ್ದಾರೆ"

ಫೋನಿನಲ್ಲೇ ತಳಿ ಹೇಳಿ ಎಂದದ್ದು ಇದಕ್ಕೆ. ಥಯೊಪೆಂಟಾಲ್‌ನಂಥ ಬಾರ್ಬಿಚುರೇಟ್ ಅರಿವಳಿಕೆಯನ್ನು ಈ ನಾಯಿಗಳ ಯಕೃತ್ತು ಬಹಳ ನಿಧಾನವಾಗಿ ಕರಗಿಸುತ್ತದೆ. ಔಷಧಿ ಹಂಚಿಹೋಗಲು ದೇಹದಲ್ಲಿ ಕೊಬ್ಬೂ ಇಲ್ಲ, ಹಾಗಾಗಿ ಎಚ್ಚರವಾಗಲು ಗಂಟೆಗಟ್ಟಲೆ ಹಿಡಿಯಬಹುದು. ಬದಲಿ ಔಷಧಿಗಳು ಇವೆ, ವೈದ್ಯರನ್ನು ಮೊದಲೇ ಕೇಳಿ. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮೈ ಬೇಗ ತಣ್ಣಗಾಗುತ್ತದೆ, ಬೆಚ್ಚಗಿಡುವ ವ್ಯವಸ್ಥೆ ಇದೆಯೇ ಎಂದೂ ಕೇಳಿ. ಇಂಥ ಪ್ರಶ್ನೆಗೆ ಒಳ್ಳೆಯ ವೈದ್ಯರು ಬೇಸರಪಡುವುದಿಲ್ಲ.

ಮನೆಗೆ ಕರೆತಂದ ಮೇಲಿನ ಕಾವಲು ನಿಮ್ಮದು. ಗ್ರೇಹೌಂಡ್‌ಗಳಲ್ಲಿ ಶಸ್ತ್ರಚಿಕಿತ್ಸೆ ಸಲೀಸಾಗಿ ಮುಗಿದು, ಒಂದು ದಿನ ಎಲ್ಲವೂ ಸರಿಯಾಗಿದ್ದು, 36ರಿಂದ 48 ಗಂಟೆಗಳ ನಂತರ ರಕ್ತ ಜಿನುಗತೊಡಗುವುದುಂಟು. ಹೆಪ್ಪುಗಟ್ಟಿದ ರಕ್ತ ಬೇಗನೆ ಕರಗಿಬಿಡುವುದೇ ಕಾರಣ, ಅದನ್ನು ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್‌ನಂಥ ಔಷಧಿಗಳು ಪಶುವೈದ್ಯರಲ್ಲಿರುತ್ತವೆ. ಹಲ್ಲು ಕಿತ್ತಂಥ ಸಣ್ಣ ಕೆಲಸದ ನಂತರವೂ ಮೂರು ದಿನ, ಬೆಳಿಗ್ಗೆ ಮತ್ತು ರಾತ್ರಿ, ಹೊಲಿಗೆಯ ಸುತ್ತಲಿನ ಚರ್ಮವನ್ನು ಹಗಲಿನಂಥ ಬೆಳಕಿನಲ್ಲಿ ನೋಡಿ. ನೇರಳೆ ಬಣ್ಣ ಹೊಲಿಗೆಯಿಂದ ಎಷ್ಟು ದೂರ ಹರಡಿದೆ ಎಂದು ಪೆನ್ನಿನಿಂದ ಗೆರೆ ಹಾಕಿಡಿ. ಮುಂದಿನ ಸಲ ನೋಡಿದಾಗ ಬಣ್ಣ ಗೆರೆ ದಾಟಿದ್ದರೆ, ಅದು ನಡುರಾತ್ರಿಯಾದರೂ ವೈದ್ಯರಿಗೆ ಫೋನ್ ಮಾಡಿ.